‘ಗೈಸ್’ ಎಂದು ಕೂಗಿದ ಮೇಲೆ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನಿಂದ)

ಕಳೆದ ವರ್ಷದ ಕಾಲೇಜು ವಾರ್ಷಿಕೋತ್ಸವದ ದಿನ ಧ್ವನಿವರ್ಧಕವನ್ನು ಹಿಡಿದು ಪ್ರಕಟಣೆಗಳನ್ನು ಕೊಡುವ ಭಾಗ್ಯ ನನ್ನ ಪಾಲಿಗೆ ಬಂದಿತ್ತು. ನಮ್ಮ ಮನೆತನದಲ್ಲಿ ಹೈಸ್ಕೂಲಿನ ಹೊಸ್ತಿಲನ್ನು ದಾಟಿದವನು ನಾನೇ ಮೊದಲಿಗ. ಆದುದರಿಂದ ನಾಲ್ಕು ಜನರೆದುರು ನಾಲ್ಕು ಇಂಗ್ಲಿಷ್ ಮಾತುಗಳನ್ನು ಉದುರಿಸಬೇಕೆಂಬ ಚಪಲ ನನ್ನಲ್ಲಿ ಕೊಂಚ ಹೆಚ್ಚಾಗಿಯೇ ಇದ್ದಿತೆಂಬುದನ್ನು ಮರೆಮಾಚುವುದಿಲ್ಲ. “ಗೈಸ್, ಸಮೂಹಗೀತೆಯವರು ಐದು ನಿಮಿಷದೊಳಗೆ ವೇದಿಕೆಯ ಹಿಂದಕ್ಕೆ ಬರಬೇಕು” ಎಂದು ಎರಡು ಸಲ ಕೂಗಿದೆ. ಹುಡುಗರ ತಂಡ ಓಡಿಬಂದಿತು. ಪ್ರಥಮ ಬಿ.ಎ. ತರಗತಿಯ ಹುಡುಗಿಯರ ತಂಡ ಬರಲಿಲ್ಲ. ಹೊತ್ತು ಮೀರಿತೆಂದು ಅವರ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಲಾಯಿತು. ಮೂರು ವಾರ ಅಭ್ಯಾಸ ಮಾಡಿದ್ದ ಹಾಡು ಹಾಗೆಯೇ ಉಳಿಯಿತು. ಆಮೇಲೆ ವಿಚಾರಿಸಿದಾಗ ಆ ತಂಡದ ಮುಂದಾಳು ಅಳುವನ್ನು ನುಂಗಿಕೊಂಡು ಹೇಳಿದಳು: “ಅಣ್ಣಾ, ನೀವು ಗೈಸ್ ಅಂದ್ರಿ. ಮೊದಲು ಹುಡುಗರನ್ನ ಕರೀತಿದಾರೆ, ಆಮೇಲೆ ನಮ್ಮನ್ನ ಕರೀತಾರೆ ಅಂತ ಕೂತಿದ್ವಿ.”

ಅಲ್ಲಿದ್ದ ಕೆಲವರು ನಕ್ಕರು. ನಾನೂ ನಕ್ಕೆ.

ನಗು ಬಹಳ ಹೊತ್ತು ಉಳಿಯಲಿಲ್ಲ. ಮರುದಿನ ನಮ್ಮ ಗ್ರಂಥಾಲಯದಲ್ಲಿ ರಟ್ಟು ಕಿತ್ತುಹೋಗಿರುವ ಹಳೆಯ ಇಂಗ್ಲಿಷ್ ನಿಘಂಟನ್ನು ತೆಗೆದು ನೋಡಿದೆ. ಡೇರೆಯನ್ನು ಬಿಗಿಯುವ ಹಗ್ಗ ಎಂದು ಮೊದಲಿಗೆ ಇತ್ತು. (ಎನ್.ಸಿ.ಸಿ. ಮಿತ್ರರಿಗೆ ಈ ಹಗ್ಗದ ಪರಿಚಯ ಚೆನ್ನಾಗಿ ಉಂಟು. ಆದರೆ ಅದು ಬೇರೆ ಬೇರಿನಿಂದ ಬಂದ ಬೇರೆ ಶಬ್ದ, ನಮ್ಮ ಕಥೆಗೆ ಸಂಬಂಧವಿಲ್ಲ.) ಅನಂತರ ಸುಡುವ ಹುಲ್ಲುಬೊಂಬೆ, ಆಮೇಲೆ ವಿಕಾರವಾಗಿ ಉಡುಪು ತೊಟ್ಟವನು, ಕಟ್ಟಕಡೆಗೆ ಅಮೆರಿಕದ ಆಡುಮಾತಿನಲ್ಲಿ ಗಂಡಸು, ಆಸಾಮಿ. ಹೆಂಗಸಿನ ಸುಳಿವು ಎಲ್ಲಿಯೂ ಇಲ್ಲ. ಪುಸ್ತಕದ ಪ್ರಕಾರ ಆ ಹುಡುಗಿಯರೇ ಸರಿ, ನಾನೇ ತಪ್ಪು!

ಈ ಶಬ್ದ ಒಬ್ಬ ಮನುಷ್ಯನ ಹೆಸರಿನಿಂದ ಹುಟ್ಟಿದುದು. ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ೧೫೭೦ರಲ್ಲಿ ಜನಿಸಿದ ಗೈ ಫಾಕ್ಸ್ ಎಂಬಾತ ಕ್ಯಾಥೊಲಿಕ್ ಮತವನ್ನು ಅವಲಂಬಿಸಿ, ಸ್ಪೇನಿನ ಸೈನ್ಯದಲ್ಲಿ ಸೇರಿ ಫ್ಲಾಂಡರ್ಸಿನಲ್ಲಿ ಕಾದಾಡಿದವನು. ಕ್ಯಾಥೊಲಿಕರ ಮೇಲೆ ಇಂಗ್ಲೆಂಡಿನಲ್ಲಿ ನಡೆಯುತ್ತಿದ್ದ ದಬ್ಬಾಳಿಕೆಯಿಂದ ರೊಚ್ಚಿಗೆದ್ದ ಕೆಲವರು ಒಂದನೆಯ ಜೇಮ್ಸ್ ದೊರೆಯನ್ನು ಪಾರ್ಲಿಮೆಂಟಿನೊಡನೆಯೇ ಸಿಡಿಸಿಬಿಡಲು ಹವಣಿಸಿದರು. ಈ ಗುಂಪಿನ ನಾಯಕ ಗೈ ಫಾಕ್ಸನಲ್ಲ, ರಾಬರ್ಟ್ ಕೇಟ್ಸ್‌ಬಿ. ಆದರೆ ೧೬೦೫ನೆಯ ಇಸವಿ ನವೆಂಬರ್ ೪ರ ಅಪರಾತ್ರಿ ಪ್ರಭುಗಳ ಸಭೆಯ ಕೆಳಗಿನ ನೆಲಮಾಳಿಗೆಯಲ್ಲಿ, ೩೬ ಪೀಪಾಯಿ ಮದ್ದಿನ ಬಳಿ ಕಾವಲಿದ್ದು ಸಿಕ್ಕಿಬಿದ್ದವನು ಫಾಕ್ಸ್. ಹೆಸರು ಕೇಳಿದಾಗ ‘ಜಾನ್ ಜಾನ್ಸನ್’ ಎಂದು ಸುಳ್ಳು ಹೇಳಿದನಂತೆ. ಆ ಸುಳ್ಳು ನಿಂತಿದ್ದರೆ ಇಂದು ನಾನು ವೇದಿಕೆಯ ಮೇಲಿನಿಂದ ‘ಜಾನ್ಸ್’ ಎಂದು ಕೂಗುತ್ತಿದ್ದೆನೋ ಏನೋ! ಚಿತ್ರಹಿಂಸೆಗೆ ಸುಳ್ಳು ತಡೆಯಲಿಲ್ಲ. ೧೬೦೬ರ ಜನವರಿ ೩೧ರಂದು ಅವನಿಗೆ ಮರಣದಂಡನೆಯಾಯಿತು.

ದೊರೆ ಉಳಿದನೆಂದು ಲಂಡನ್ನಿನ ಜನ ಬೀದಿಗಳಲ್ಲಿ ಬೆಂಕಿ ಹೊತ್ತಿಸಿ ಸಂಭ್ರಮಿಸಿದರು. ಪ್ರತಿವರ್ಷ ನವೆಂಬರ್ ೫ರಂದು ದೇವರಿಗೆ ಕೃತಜ್ಞತೆ ಸಲ್ಲಿಸಬೇಕೆಂದು ಪಾರ್ಲಿಮೆಂಟು ಮಾಡಿದ ಶಾಸನ ೧೮೫೯ರವರೆಗೂ ಜಾರಿಯಲ್ಲಿತ್ತು. ಕಾಲಕ್ರಮದಲ್ಲಿ ಹುಡುಗರು ಹರಕು ಅಂಗಿ, ಹಳೆಯ ಟೋಪಿಗಳಿಗೆ ಹುಲ್ಲು ತುಂಬಿ ಗೈ ಫಾಕ್ಸನ ಬೊಂಬೆ ಮಾಡಿ, ತಳ್ಳುಗಾಡಿಯಲ್ಲಿಟ್ಟು, ಬೀದಿ ಬೀದಿ ತಿರುಗಿ ಕಾಸು ಬೇಡಿ, ರಾತ್ರಿ ಅದನ್ನು ಸುಡುವುದು ವಾಡಿಕೆಯಾಯಿತು. ನಮ್ಮ ಕಡೆ ಹೋಳಿ ಹುಣ್ಣಿಮೆಯಲ್ಲಿ ಕಟ್ಟಿಗೆ, ಕುಳ್ಳು ಬೇಡಿ (ಕೊಡದಿದ್ದರೆ ಕದ್ದು) ಕಾಮನನ್ನು ಸುಡುವ ಹುಡುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹೀಗೆ ೧೯ನೆಯ ಶತಮಾನದ ಮೊದಲಲ್ಲಿ ‘ಗೈ’ ಎಂದರೆ ಬೊಂಬೆ. ೧೮೩೦ರ ದಶಕದ ಹೊತ್ತಿಗೆ ಬೊಂಬೆಯಂತೆ ಮೈಗೊಪ್ಪದ ಉಡುಪು ತೊಟ್ಟ ಮನುಷ್ಯನೂ ‘ಗೈ’ ಎನಿಸಿಕೊಂಡ. ನಮ್ಮೂರಿನಲ್ಲಿ ಇಂಥವನನ್ನು ಬೆರ್ಚಪ್ಪ ಎನ್ನುತ್ತಾರೆ. ಸೋದರಮಾವನ ಅಗಲವಾದ ಪ್ಯಾಂಟನ್ನು ದಾರದಿಂದ ಬಿಗಿದುಕೊಂಡು ಈ ಕಾಲೇಜಿನ ಬಾಗಿಲಿಗೆ ಬಂದ ಮೊದಲ ದಿನ ನಾನು ಆ ಅರ್ಥದಲ್ಲಿ ನಿಸ್ಸಂದೇಹವಾಗಿ ‘ಗೈ’ ಆಗಿದ್ದೆ.

ಅಟ್ಲಾಂಟಿಕ್ ಸಾಗರವನ್ನು ದಾಟಿದ ಮೇಲೆ ಈ ಬೈಗುಳದ ಮೊನೆ ಮೊಂಡಾಯಿತು. ಅಮೆರಿಕದಲ್ಲಿ ನವೆಂಬರ್ ೫ರ ಹಬ್ಬ ಸ್ವಾತಂತ್ರ್ಯಯುದ್ಧದ ಕಾಲಕ್ಕೇ ಹಿಂದೆ ಸರಿದಿತ್ತು. ಬೊಂಬೆಯನ್ನೇ ನೋಡದವರಿಗೆ ಬೊಂಬೆಯ ಹೋಲಿಕೆಯಿಂದ ನೋವಾದೀತು ಹೇಗೆ? ೧೯ನೆಯ ಶತಮಾನದ ನಡುಗಾಲಕ್ಕೆ ಅಲ್ಲಿ ‘ಗೈ’ ಎಂದರೆ ಸುಮ್ಮನೆ ಒಬ್ಬ ಗಂಡಸು. ೧೯೫೦ರಲ್ಲಿ ನ್ಯೂಯಾರ್ಕಿನ ರಂಗಭೂಮಿಗೆ ಬಂದ ಸಂಗೀತನಾಟಕದ ಹೆಸರು ‘ಗೈಸ್ ಅಂಡ್ ಡಾಲ್ಸ್’. ಬೊಂಬೆಯಾಗಿದ್ದವನು ಮನುಷ್ಯನಾದ, ಅವನ ಪಕ್ಕದಲ್ಲಿ ನಿಂತ ಹೆಣ್ಣನ್ನು ಬೊಂಬೆಯೆಂದು ಕರೆದರು. ಇದರ ಹಾಸ್ಯವನ್ನು ಅಂದಿನ ಪ್ರೇಕ್ಷಕರು ಗಮನಿಸಿದರೋ ಇಲ್ಲವೋ.

ಹಾಗಾದರೆ ಹೆಣ್ಣು ಈ ಶಬ್ದದೊಳಕ್ಕೆ ಬಂದದ್ದು ಹೇಗೆ? ಇಲ್ಲಿ ಇಂಗ್ಲಿಷಿನ ಒಂದು ಬಡತನವನ್ನು ಹೇಳಬೇಕು. ಹಿಂದೆ ಆ ಭಾಷೆಯಲ್ಲಿಯೂ ನಮ್ಮ ‘ನೀನು’, ‘ನೀವು’ಗಳಂತೆ ‘ದೌ’, ‘ಯೂ’ ಎಂದು ಎರಡು ಶಬ್ದಗಳಿದ್ದವು. ಮರ್ಯಾದೆಗಾಗಿ ಒಬ್ಬನನ್ನೂ ಬಹುವಚನದಿಂದ ಕರೆಯುವ ರೂಢಿ ನಮ್ಮಲ್ಲಿದ್ದಂತೆಯೇ ಅಲ್ಲಿಯೂ ಬೆಳೆಯಿತು. ನಮ್ಮಲ್ಲಿ ಎರಡೂ ಉಳಿದವು. ಅಲ್ಲಿ ‘ದೌ’ ೧೭ನೆಯ ಶತಮಾನ ಮುಗಿಯುವ ಹೊತ್ತಿಗೆ ಸಾಮಾನ್ಯ ಬಳಕೆಯಿಂದ ಜಾರಿಹೋಯಿತು. ಒಬ್ಬನಿದ್ದರೂ ‘ಯೂ’, ನೂರು ಜನರಿದ್ದರೂ ‘ಯೂ’. ಈ ಕಂದಕವನ್ನು ತುಂಬಲು ಅಮೆರಿಕದ ದಕ್ಷಿಣದವರು ‘ಯೂ ಆಲ್’ ಎಂದರು, ಇತರರು ‘ಯೂ ಗೈಸ್’ ಎಂದರು. ಬಹುವಚನದ ಊರುಗೋಲಾದ ಮೇಲೆ ಗಂಡೋ ಹೆಣ್ಣೋ ಎಂದು ಯಾರು ವಿಚಾರಿಸುತ್ತಾರೆ? ೧೯೭೧ರಲ್ಲಿ ಆರಂಭವಾದ ‘ದಿ ಎಲೆಕ್ಟ್ರಿಕ್ ಕಂಪನಿ’ ಎಂಬ ಅಮೆರಿಕದ ಮಕ್ಕಳ ದೂರದರ್ಶನ ಕಾರ್ಯಕ್ರಮದಲ್ಲಿ ಎಲ್ಲರನ್ನೂ ‘ಯೂ ಗೈಸ್’ ಎಂದು ಗಟ್ಟಿಯಾಗಿ ಕೂಗಿ ಕರೆಯುತ್ತಿದ್ದವಳು ರೀಟಾ ಮೊರೆನೊ ಎಂಬ ನಟಿ.

ಆದರೂ ಬಾಗಿಲು ಪೂರ್ತಿ ತೆರೆದಿಲ್ಲವೆಂದೇ ನನ್ನ ಅಭಿಪ್ರಾಯ. ಹತ್ತು ಜನ ಹುಡುಗಿಯರನ್ನು ‘ಗೈಸ್’ ಎಂದು ಕರೆಯುವವನು ಅವರಲ್ಲಿ ಒಬ್ಬಳನ್ನು ತೋರಿಸಿ ‘ಆ ಗೈ’ ಎನ್ನುವುದಿಲ್ಲ. ಗುಂಪಿನಲ್ಲಿದ್ದಾಗ ಒಳಗೆ, ಒಬ್ಬಳಾದ ಕೂಡಲೇ ಹೊರಗೆ. ನಮ್ಮ ಭಾಷೆಯೂ ಇದರಲ್ಲಿ ನಿರ್ದೋಷಿಯಲ್ಲ. ಹುಡುಗರಿಗೆ ‘ಬನ್ರೋ’, ಹುಡುಗಿಯರಿಗೆ ‘ಬನ್ರೇ’. ಇಬ್ಬರೂ ಕಲೆತಾಗ ಮಾತ್ರ ‘ಬನ್ರೋ’ ಎಂಬುದೇ ಗೆಲ್ಲುತ್ತದೆ. ಆದರೆ ನಮ್ಮಲ್ಲಿ ‘ಬನ್ನಿ’ ಎಂಬ ಮೂರನೆಯ ಮಾತೊಂದು ಇದೆ. ಅದು ಯಾರನ್ನೂ ಹೊರಗೆ ನಿಲ್ಲಿಸುವುದಿಲ್ಲ. ಅದು ನನ್ನ ನಾಲಗೆಯ ತುದಿಯಲ್ಲೇ ಇದ್ದೂ ನಾನು ಗೈ ಫಾಕ್ಸನನ್ನು ಕರೆದೆ.

ಇಂಥ ಶಬ್ದಗಳನ್ನು ಕಾಲೇಜಿನಿಂದ ಗಡೀಪಾರು ಮಾಡಬೇಕೆಂದು ಹೇಳುವ ಹಿರಿಯರಿದ್ದಾರೆ. ಅವರೊಡನೆ ನಾನು ಗೌರವಪೂರ್ವಕವಾಗಿ ಭಿನ್ನಾಭಿಪ್ರಾಯ ತಾಳುತ್ತೇನೆ. ಆಡುಮಾತಿಗೆ ಪಾಸು ಕೊಡುವ ಕಚೇರಿ ಯಾವ ದೇಶದಲ್ಲಿಯೂ ಇಲ್ಲ. ಶಾಸನ ಮಾಡಿ ಕಾಪಾಡಿದ ಹಬ್ಬದ ಬೊಂಬೆಯೇ ಹೀಗೆ ದೇಶಾಂತರ ಹೋಗಿ ಗೆಳೆಯನಾಗಿ ಬಂದಿದೆ. ನನ್ನ ತಕರಾರು ಬೇರೆ. ಇಂಥ ಮಾತಿನ ಇಂದಿನ ಅರ್ಥ ಪುಸ್ತಕದಲ್ಲಿ ಸಿಗುವುದು ತಡವಾಗಿ. ಅದು ಮೊದಲು ಸಿಗುವುದು ಸಹವಾಸದಲ್ಲಿ. ಪಟ್ಟಣದ ಸಹವಾಸವಿದ್ದವನಿಗೆ ಅದು ಪುಕ್ಕಟೆಯಾಗಿ ಬರುತ್ತದೆ. ಸರ್ಕಾರಿ ಶಾಲೆಯ ಪಾಠಪುಸ್ತಕದಿಂದ ಒಂದೊಂದೇ ಶಬ್ದವನ್ನು ಬಾಯಿಪಾಠ ಮಾಡಿ ಇಂಗ್ಲಿಷ್ ಕಲಿತವರು, ಕಲಿತದ್ದು ಸರಿಯಾಗಿದ್ದರೂ, ಎಲ್ಲರೆದುರು ಪೆದ್ದರೆನಿಸಿಕೊಳ್ಳುತ್ತಾರೆ. ಆ ಹುಡುಗಿಯರಲ್ಲಿ ಹೆಚ್ಚಿನವರು ನನ್ನಂತೆಯೇ ಬೆಳಗಿನ ಮೊದಲ ಬಸ್ಸಿಗೆ ಹಳ್ಳಿಯಿಂದ ಬರುವವರು. ಎರಡು ವರ್ಷ ಮುಂಚೆ ಬಂದಿದ್ದೆನೆಂಬುದೊಂದೇ ನನ್ನ ಹೆಚ್ಚುಗಾರಿಕೆ, ಮತ್ತು ಅಷ್ಟಕ್ಕೇ ನಾನು ನಕ್ಕಿದ್ದೆ. ಗೆಳೆಯರ ನಡುವೆ, ಕ್ಯಾಂಟೀನಿನಲ್ಲಿ, ಅರ್ಥವಾಗದವರು ‘ಹಾಗೆಂದರೇನು?’ ಎಂದು ಕೇಳಬಹುದಾದ ಜಾಗದಲ್ಲಿ, ಯಾವ ಮಾತಾದರೂ ಇರಲಿ. ಮರುಪ್ರಶ್ನೆ ಕೇಳಲಾಗದ ಧ್ವನಿವರ್ಧಕದಲ್ಲಿ ಬೇಡ.

ಈ ವರ್ಷದ ವಾರ್ಷಿಕೋತ್ಸವದಲ್ಲಿ ಆ ತಂಡದ ಹಾಡೇ ಮೊದಲನೆಯದಾಗಿತ್ತು. ಪ್ರಕಟಣೆಯ ಕೆಲಸ ಮತ್ತೆ ನನ್ನದೇ. “ಸಮೂಹಗೀತೆಯವರು ಎಲ್ಲರೂ ಬನ್ನಿ” ಎಂದು ಕರೆದು ಪರದೆಯ ಪಕ್ಕಕ್ಕೆ ಸರಿದು ನಿಂತೆ. ಒಳಗಿನಿಂದ ಅದೇ ಮುಂದಾಳು ಹುಡುಗಿ ತನ್ನ ಗೆಳತಿಯರನ್ನು ಅವಸರಪಡಿಸುತ್ತಿದ್ದುದು ಕೇಳಿಸಿತು: “ಗೈಸ್, ಬೇಗ ಬನ್ರೇ!”