ಖಾನೇಷುಮಾರಿಯೂ ಕಾಡಿನ ಜನರೂ

2027ರ ಮಾರ್ಚ್ 1ನೆಯ ತಾರೀಖನ್ನು ಖಾನೇಷುಮಾರಿಯ ಆಧಾರದಿನವನ್ನಾಗಿ ಗೊತ್ತುಮಾಡಿ ಭಾರತ ಸರ್ಕಾರದವರು 2025ರ ಜೂನ್ ತಿಂಗಳಲ್ಲಿ ಪ್ರಕಟಣೆ ಹೊರಡಿಸಿದರು. 2021ರಲ್ಲಿ ಆಗಬೇಕಾಗಿದ್ದ ಗಣತಿಯು ತಪ್ಪಿಹೋದುದರಿಂದ ಪಟ್ಟಣವಾಸಿಗಳಿಗಾದ ತೊಂದರೆಯನ್ನು ಕುರಿತು ಅನೇಕರು ಬರೆದಿರುವರು. ನಾವು ಈ ಸಂದರ್ಭದಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳ ವಿಷಯವನ್ನು ವಾಚಕರ ಮುಂದಿಡಲು ಬಯಸುತ್ತೇವೆ. ಬೆಟ್ಟದ ರಂಗನಾಥನು ತಮ್ಮ ಕುಲದ ಕನ್ಯೆಯನ್ನು ವರಿಸಿದನೆಂದು ಈ ಜನರು ದೇವರನ್ನೇ ಭಾವನೆನ್ನುವರು. ದರ್ಶನಕ್ಕೆ ಹೋಗುವ ನಮ್ಮಲ್ಲಿ ಎಷ್ಟು ಮಂದಿ ಆತನ ಅತ್ತೆಮನೆಯವರ ಯೋಗಕ್ಷೇಮವನ್ನು ವಿಚಾರಿಸಿರುವೆವೋ ತಿಳಿಯದು.

ಪೋಡೆಂದರೆ ಸಾಮಾನ್ಯವಾಗಿ ಕೆಲವು ಹತ್ತು ಮನೆಗಳ ವಸತಿ. ಅಲ್ಲಿಯ ಗೃಹಸ್ಥನು ಮಳೆಗೆ ಮುಂಚೆ ಹೆಜ್ಜೇನನ್ನು ಇಳಿಸುವನು. ಚಳಿಗಾಲದಲ್ಲಿ ನೆಲ್ಲಿಕಾಯಿ, ಸೀಗೆ, ಕಲ್ಲುಹೂಗಳನ್ನು ಕೂಡಿಹಾಕುವನು. ತುಂಡು ಭೂಮಿಯಲ್ಲಿ ರಾಗಿಯನ್ನೋ ಮರದ ನೆರಳಿನಲ್ಲಿ ಕಾಫಿಯನ್ನೋ ಬೆಳೆಯುವನು. ಮಿಕ್ಕ ದಿನಗಳಲ್ಲಿ ತೋಟಗಳಿಗೆ ಕೂಲಿ ಹೋಗುವನು. ಇವನ ಕಸುಬು ಯಾವುದೆಂದು ಸರ್ಕಾರದ ಪುಸ್ತಕವು ಬರೆಯುತ್ತದೆ? 1991ರ ಗಣತಿಯಲ್ಲಿ ಕಸುಬುಗಳಿಗೆ ಒಂಬತ್ತು ಕಲಮುಗಳಿದ್ದವು. ಮೂರನೆಯದರಲ್ಲಿ ಪಶುಪಾಲನೆ, ಮೀನುಗಾರಿಕೆ, ತೋಟಗಳ ಜೊತೆಗೆ ಅರಣ್ಯವೆಂಬ ಹೆಸರಾದರೂ ಇದ್ದಿತು. 2001ರಲ್ಲಿ ಅವನ್ನು ನಾಲ್ಕಕ್ಕೆ ಇಳಿಸಿದರು. 2011ರಲ್ಲಿಯೂ ಗ್ರಾಮವಾರು ಪಟ್ಟಿಗಳಲ್ಲಿ ಕಾಣುವುದು ರೈತ, ಕೃಷಿ ಕೂಲಿಗಾರ, ಗೃಹ ಕೈಗಾರಿಕೆಯವನು, ಇತರೆ ಎಂಬಿಷ್ಟೇ.

ಇದರಿಂದ ಕೆಟ್ಟುದೇನೆಂದು ಅಧಿಕಾರಿ ಮಹಾಶಯರು ಕೇಳಬಹುದು. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿಯನ್ನು ಮುಂದೊಡ್ಡಿ, ಅನಂತರದ ವರ್ಷಗಳಲ್ಲಿ ಈ ಬೆಟ್ಟದ ಜನರು ಕಾಡಿನ ಕಿರು ಉತ್ಪನ್ನಗಳನ್ನು ಮಾರಾಟಕ್ಕೆ ತರುವುದನ್ನು ನಿಲ್ಲಿಸಲಾಯಿತು. ಜೇನಿಳಿಸುತ್ತಿದ್ದವನು ಕಾಫಿ ತೋಟದ ಕೂಲಿಯಾದನು. ಆದರೆ ಜೇನಿನವನೂ ‘ಇತರೆ’, ತೋಟದ ಕೂಲಿಯೂ ‘ಇತರೆ’. ಒಂದು ಜನಾಂಗದ ಜೀವನೋಪಾಯವು ಮುರಿದುಬಿದ್ದರೂ ಪುಸ್ತಕದ ಕಲಮು ಕೂದಲೆಳೆಯಷ್ಟೂ ಕದಲಲಿಲ್ಲ. ನಷ್ಟವೆಷ್ಟೆಂದು ಕೇಳುವವರಿಗೆ ತೋರಿಸಲು ಸೋಲಿಗರ ಕೈಯಲ್ಲಿ ಸರ್ಕಾರದ್ದೇ ಆದ ಒಂದು ಅಂಕಿಯೂ ಇಲ್ಲದೆ ಹೋಯಿತು.

2006ರ ಅರಣ್ಯ ಹಕ್ಕು ಕಾಯಿದೆಯು ಬಂದಮೇಲೆ, 2011ರಲ್ಲಿ ಇಲ್ಲಿಯ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರಗಳು ದೊರೆತುದು ಸಂತೋಷಕರವಾದ ಸಂಗತಿ. ಸರ್ವೆಯಾಗದ ವಸತಿಗಳನ್ನು ಕಂದಾಯ ಗ್ರಾಮಗಳನ್ನಾಗಿ ಮಾಡಿಸಿಕೊಳ್ಳುವ ಹಕ್ಕೂ ಅದೇ ಕಾಯಿದೆಯಲ್ಲಿದೆ. ಹಾಗೆ ಆಗುವವರೆಗೆ ಪೋಡಿನ ಜನಸಂಖ್ಯೆಯು ಯಾವುದೋ ಗ್ರಾಮದ ಅಂಕಿಯಲ್ಲಿ ಕರಗಿಹೋಗತಕ್ಕದ್ದೇ. ಅದೇ ಕಾಡಿನ ಹುಲಿಗಳನ್ನು ನೋಡಿರಿ: 2014, 2018, 2022 ಎಂದು ನಾಲ್ಕು ವರ್ಷಕ್ಕೊಮ್ಮೆ, ಕ್ಯಾಮೆರಾಗಳನ್ನು ಕಟ್ಟಿ, ಮೈಮೇಲಣ ಪಟ್ಟೆಗಳಿಂದ ಒಂದೊಂದನ್ನೂ ಗುರುತಿಸಿ ಲೆಕ್ಕವಿಟ್ಟರು. ಹುಲಿಯ ಲೆಕ್ಕ ಬೇಡವೆಂದು ನಾವು ಹೇಳುವುದಿಲ್ಲ. ಅಷ್ಟೇ ಶ್ರದ್ಧೆಯು ಮನುಷ್ಯನ ಪಾಲಿಗೂ ಬರಲೆಂಬುದೇ ನಮ್ಮ ವಾದ.

ಪ್ರತಿಯೊಂದು ಪೋಡಿನ ಅಂಕಿಯನ್ನೂ ಅದರ ಸ್ವಂತ ಹೆಸರಿನಲ್ಲಿಯೇ ಪ್ರಕಟಿಸತಕ್ಕದ್ದು. ಗ್ರಾಮವಾರು ಪಟ್ಟಿಯಲ್ಲಿ ಅರಣ್ಯೋತ್ಪನ್ನ ಸಂಗ್ರಹಕ್ಕೆ ಪ್ರತ್ಯೇಕ ಕಲಮಿರತಕ್ಕದ್ದು. ಓದುಬರಹ ಬಲ್ಲ ಸೋಲಿಗ ಯುವಕ ಯುವತಿಯರು ಈಗ ಬೇಕಾದಷ್ಟಿರುವರು. ಗಣತಿಯ ಕೆಲಸವನ್ನು ಅವರಿಗೇ ವಹಿಸಲಿ. ಗಂಡಸರು ಹೆಜ್ಜೇನಿಗೆ ಹೋದ ದಿನ ಬಂದು, ಬಾಗಿಲು ತಟ್ಟಿ, ಯಾರೂ ಇಲ್ಲವೆಂದು ಷರಾ ಬರೆದು ಬೆಟ್ಟವಿಳಿಯುವ ಗಣತಿದಾರನಿಂದ ಈ ಕಾರ್ಯವು ನೆರವೇರಲಾರದು.