ಒಟ್ಟೋಮನ್ ಆಳ್ವಿಕೆ ಹೋಯಿತು, ಪದಗಳು ಉಳಿದವು

ವಿಜಯಪುರದ ಷೆರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಎರಕ ಹೊಯ್ದವನು ಮಹಮ್ಮದ್ ರೂಮಿ. ‘ರೂಮಿ’ ಎಂದರೆ ಅನಟೋಲಿಯಾದ ಕಡೆಯವನು. ‘ತೋಪು’ ಎಂಬ ಪದವೂ ತುರ್ಕಿ ಮೂಲದ್ದೇ. (ಮಾವಿನ ತೋಪಿನ ‘ತೋಪು’ ಬೇರೆ.) ಬೆಲ್‌ಗ್ರೇಡ್, ಸರಯೇವೊಗಳಲ್ಲೂ ಫಿರಂಗಿಗೆ ಇಂದಿಗೂ ‘ತೋಪ್’ ಎಂದೇ ಹೆಸರು. ನಾವು ಆ ಪದದ ಕುಲ ಕೇಳುವುದಿಲ್ಲ. ಬಾಲ್ಕನ್ ನಾಡುಗಳಲ್ಲಿ ಮಾತ್ರ ಇಂಥ ಪದಗಳನ್ನು ಇಟ್ಟುಕೊಳ್ಳಬೇಕೆ, ಬಿಡಬೇಕೆ ಎಂಬ ಚರ್ಚೆ ಹತ್ತೊಂಬತ್ತನೆಯ ಶತಮಾನದಿಂದಲೂ ಇದೆ.

ಬಿಡಬೇಕೆಂದವರನ್ನು ಕೇವಲ ದ್ವೇಷಿಗಳೆಂದು ತಳ್ಳಿಹಾಕುವುದು ನ್ಯಾಯವಲ್ಲ. 1878ರವರೆಗೆ ಬಲ್ಗೇರಿಯಾ ಸುಮಾರು ಐನೂರು ವರ್ಷ ಒಟ್ಟೋಮನ್ನರ ಅಧೀನದಲ್ಲಿತ್ತು. ಅಲ್ಲಿನ ರೈತನಿಗೆ ‘ಹರಾಚ್’ ಎಂಬುದು ನಿಘಂಟಿನ ಪದವಾಗಿರಲಿಲ್ಲ, ತೆರಲೇಬೇಕಾದ ಕಂದಾಯವಾಗಿತ್ತು. ಅದಕ್ಕಿಂತ ಗಟ್ಟಿಯಾದ ಇನ್ನೊಂದು ವಾದವೂ ಅವರದು: ಸ್ವಂತ ಬೇರಿನಿಂದ ಚಿಗುರಿದ ಪದ ಕೇಳಿದೊಡನೆ ಅರ್ಥವಾಗುತ್ತದೆ. ಬಲ್ಗೇರಿಯನ್ ಬರಹಗಾರ ಇವಾನ್ ಬೊಗೊರೊವ್ ಬಳಕೆಗೆ ತಂದನೆನ್ನಲಾಗುವ ‘ವೆಸ್ತ್‌ನಿಕ್’ ಇದಕ್ಕೆ ಒಳ್ಳೆಯ ಸಾಕ್ಷಿ. ‘ವೆಸ್ತ್’ ಎಂದರೆ ಸುದ್ದಿ, ‘ವೆಸ್ತ್‌ನಿಕ್’ ಎಂದರೆ ಪತ್ರಿಕೆ. ಯಾರೂ ಮಗುವಿಗೆ ವಿವರಿಸಬೇಕಿಲ್ಲ.

ಉಳಿಸಿಕೊಳ್ಳಬೇಕೆಂದವರು ಮನೆಯೊಳಗಿನ ಪದಗಳನ್ನು ಮುಂದಿಡುತ್ತಾರೆ. ಸರ್ಬಿಯನ್ನಿನ ‘ಚರಾಪ’ (ಕಾಲುಚೀಲ), ‘ಯಾಸ್ತುಕ್’ (ತಲೆದಿಂಬು), ‘ಬುಬ್ರೆಗ್’ (ಮೂತ್ರಪಿಂಡ), ಎಲ್ಲವೂ ತುರ್ಕಿಯಿಂದ ಬಂದವು. ಅಬ್ದುಲ್ಲಾ ಶ್ಕಾಲ್ಯಿಚ್ ಅವರ ತುರ್ಕಿ ಎರವಲು ಪದಗಳ ನಿಘಂಟಿನಲ್ಲಿ ಇಂಥ 8,700ಕ್ಕೂ ಹೆಚ್ಚು ಪದಗಳಿವೆ. ಇವನ್ನೆಲ್ಲ ಹೊರಗಟ್ಟಿದರೆ ದಿನದ ಮಾತೇ ಕುಂಟುತ್ತದೆ. ಅಲ್ಲದೆ, ಇವುಗಳಲ್ಲಿ ಹಲವು ಮೂಲತಃ ತುರ್ಕಿಯವೇ ಅಲ್ಲ. ಅಂಗಡಿಗೆ ಬೋಸ್ನಿಯಾದವರು ಹೇಳುವ ‘ದುಚಾನ್’, ಚೀಲಕ್ಕೆ ಸರ್ಬರು ಹೇಳುವ ‘ಕೆಸಾ’ ಅರಬ್ಬಿ, ಪಾರಸಿಗಳಿಂದ ತುರ್ಕಿಗೆ ಬಂದು ಅಲ್ಲಿಂದ ಮುಂದೆ ಹೋದವು. ನಮ್ಮ ‘ದುಕಾನು’, ‘ಕಿಸೆ’ಗಳ ಒಡಹುಟ್ಟುಗಳವು.

ದಾರಿಯಲ್ಲಿ ಅರ್ಥವೂ ಬೆಳೆಯುತ್ತದೆ. ಅರಬ್ಬಿಯಲ್ಲಿ ಕಪ್ಪು ಪಿತ್ತವನ್ನು ಸೂಚಿಸುತ್ತಿದ್ದ ಪದ ತುರ್ಕಿಯಲ್ಲಿ ‘ಸೆವ್ದಾ’ ಆಗಿ ಪ್ರೀತಿಯಾಯಿತು, ಬೋಸ್ನಿಯಾದಲ್ಲಿ ‘ಸೆವ್ದಾಹ್’ ಆಗಿ ಹಂಬಲದ ಹಾಡಾಯಿತು. ಸರಯೇವೊದ ಹಳೆಯ ಪೇಟೆಯಲ್ಲಿ ತಾಮ್ರದ ‘ಜೆಝ್ವಾ’ದಿಂದ ಹಿಡಿಯಿಲ್ಲದ ಪುಟ್ಟ ‘ಫಿಲ್ಜಾನ್’ಗೆ ಕಾಫಿ ಬಗ್ಗಿಸುತ್ತಾರೆ. ಎರಡೂ ತುರ್ಕಿಯಿಂದ ಬಂದ ಹೆಸರುಗಳು. ಆ ಕಾಫಿಗೆ ಕರೆಯುವ ನೆರೆಯವರ ಸಂಬಂಧ ‘ಕೊಮ್‌ಶಿಲುಕ್’. ಬೇರೆ ಬೇರೆ ಧರ್ಮದ ಮನೆಗಳ ನಡುವಿನ ಕೊಡುಕೊಳ್ಳುವಿಕೆಯೂ ಅದರಲ್ಲಿ ಸೇರಿದೆ. ಈ ಭಾರವನ್ನು ಹೊಸದಾಗಿ ಕಟ್ಟಿದ ಪದವೊಂದು ಅಷ್ಟು ಬೇಗ ಹೊರಲಾರದು ಎಂದೇ ನನಗೆ ಅನ್ನಿಸುತ್ತದೆ.

ಆದರೂ ಶುದ್ಧಿವಾದಿಗಳು ಕೇಳುವ ಒಂದು ಪ್ರಶ್ನೆಯನ್ನು ಸುಲಭವಾಗಿ ಬದಿಗಿಡಲಾಗದು: ತುರ್ಕರೇ ಮಾಡಿದ್ದನ್ನು ನಾವು ಮಾಡಿದರೆ ತಪ್ಪೇನು? ತುರ್ಕಿ 1928ರಲ್ಲಿ ಲಿಪಿ ಬದಲಿಸಿತು. 1932ರಲ್ಲಿ ಸ್ಥಾಪನೆಯಾದ ಭಾಷಾ ಸಂಸ್ಥೆ ಅರಬ್ಬಿ, ಪಾರಸಿ ಪದಗಳ ಜಾಗಕ್ಕೆ ಹೊಸವನ್ನು ತಂದಿತು. ಶಾಲೆಗೆ ‘ಮೆಕ್ತೆಪ್’ ಹೋಗಿ ‘ಒಕುಲ್’ ಬಂತು. ಬರವಣಿಗೆಯ ಭಾಷೆ ಜನರ ಮಾತಿಗೆ ಹತ್ತಿರವಾದದ್ದು ಸಣ್ಣ ಲಾಭವಲ್ಲ.

ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಅತಾತುರ್ಕ್ 1927ರಲ್ಲಿ ಮಾಡಿದ ಸುದೀರ್ಘ ಭಾಷಣವನ್ನು ಕೆಲವೇ ದಶಕಗಳಲ್ಲಿ ತುರ್ಕಿ ಓದುಗರಿಗಾಗಿಯೇ ಹೊಸ ತುರ್ಕಿಗೆ ತರಬೇಕಾಯಿತು. ಮೊಮ್ಮಕ್ಕಳಿಗೆ ಅಜ್ಜನ ಬರಹ ಪರಭಾಷೆಯಾಯಿತು.

ಎರಡನ್ನೂ ತೂಗಿದರೆ, ಕಚೇರಿ, ಶಾಲೆ, ನ್ಯಾಯಾಲಯಗಳ ಪದಗಳಲ್ಲಿ ಶುದ್ಧಿವಾದಿಗಳ ಮಾತಿಗೆ ಹೆಚ್ಚು ಬೆಲೆ ಕೊಡಬಹುದು. ಅಲ್ಲಿ ಮುಖ್ಯವಾದುದು ಸ್ಪಷ್ಟತೆ. ಅಡುಗೆಮನೆ, ಹಾಡು, ನೆರೆಹೊರೆಗಳ ಪದಗಳನ್ನು ಮುಟ್ಟದಿರುವುದು ಬಹುಶಃ ಒಳಿತು. ನಿಘಂಟು ಮಾತ್ರ ಪ್ರತಿ ಪದ ಬಂದ ದಾರಿಯನ್ನು ಮುಚ್ಚಿಡದೆ ದಾಖಲಿಸಬೇಕು. ಬಲ್ಗೇರಿಯನ್ನರು ತಕ್ಕಮಟ್ಟಿಗೆ ಹೀಗೆಯೇ ನಡೆದುಕೊಂಡಿದ್ದಾರೆ. ಅರ್ಜಿಯಲ್ಲಿ ನೆರೆಯವನು ‘ಸಸೆದ್’. ಬೇಲಿಯಾಚೆಗೆ ಮಾತಾಡುವಾಗ ಅವನೇ ‘ಕೊಮ್‌ಶಿಯಾ’.