ಮೈಸೂರಿನ ಮುದ್ರಕವು ಕಲಿಸುವ ಪಾಠ

ಮೂಡಿಗೆರೆಯಿಂದಲೋ ಕಳಸದಿಂದಲೋ ಕಾಫಿಯ ಮೂಟೆಗಳು ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್‌ಗೆ ಬಂದಾಗ ತೂಕದ ಚೀಟಿ ಬೆಳೆಗಾರನಿಗೊಂದು, ಕಚೇರಿಗೊಂದು ಬೇಕಷ್ಟೆ. ಡಾಟ್ ಮ್ಯಾಟ್ರಿಕ್ಸ್ ಮುದ್ರಕವು ಇಂಥ ಕೆಲಸಕ್ಕೆ ತಕ್ಕ ಯಂತ್ರ. ವಿದ್ಯುತ್ಕಾಂತದ ನೆರವಿನಿಂದ ಚಿಮ್ಮುವ 9 ಅಥವಾ 24 ಸೂಜಿಗಳು ಮಸಿಪಟ್ಟಿಯನ್ನು ಕುಟ್ಟುವುದರಿಂದ ಒಂದೇ ಏಟಿಗೆ ಕಾರ್ಬನ್ ಪ್ರತಿಯೂ ಮೂಡುತ್ತದೆ. ಲೇಸರ್ ಮುದ್ರಕಕ್ಕೆ ಇದು ಅಸಾಧ್ಯ.

ಇಂಥ ಯಂತ್ರಗಳು ನಮ್ಮ ಮೈಸೂರಿನಲ್ಲಿಯೇ ತಯಾರಾದುವೆಂಬುದನ್ನು ವಾಚಕರಲ್ಲಿ ಎಷ್ಟು ಮಂದಿ ಬಲ್ಲರು? 1945ರಲ್ಲಿ ಅಮಳನೇರಿನಲ್ಲಿ ವನಸ್ಪತಿ ಎಣ್ಣೆಯ ಉದ್ಯಮವಾಗಿ ಹುಟ್ಟಿದ ವಿಪ್ರೋ, 1978ರಲ್ಲಿ ಐ.ಬಿ.ಎಂ. ಸಂಸ್ಥೆಯು ಭಾರತವನ್ನು ತೊರೆದ ತರುವಾಯ ಗಣಕಗಳತ್ತ ಹೊರಳಿತು. ಜಪಾನಿನ ಎಪ್ಸನ್ ತಂತ್ರಜ್ಞಾನದ ನೆರವಿನಿಂದ ಮುದ್ರಕಗಳನ್ನೂ ತಯಾರಿಸಿತು. 2000ದಲ್ಲಿ ಆ ವಿಭಾಗವು ಸ್ವತಂತ್ರ ಸಂಸ್ಥೆಯಾಗಿ, ಮುಂದೆ ವೆಪ್ ಎಂಬ ಹೆಸರು ತಳೆಯಿತು.

ವಿದ್ಯೆಯನ್ನು ಎರವಲು ತರುವುದು ನಾಚಿಕೆಯ ವಿಷಯವಲ್ಲ. ಎರವಲಿನಲ್ಲಿಯೇ ನಿಂತುಬಿಡುವುದು ತರವಲ್ಲ. ಇಂದು ತಂತ್ರಾಂಶ ಬರೆಯುವವನಿಗೆ ಸಲ್ಲುವ ಮನ್ನಣೆಯು ಸೂಜಿಯನ್ನೂ ತಂತಿಯ ಸುರುಳಿಯನ್ನೂ ರೂಪಿಸುವ ಕೈಗೆ ಸಲ್ಲುತ್ತಿಲ್ಲ. ನಮ್ಮ ಕಾಲೇಜುಗಳಲ್ಲಿ ವಿದ್ಯುತ್ಕಾಂತದ ಪಾಠ ಕರಿಹಲಗೆಯ ಮೇಲೆಯೇ ಮುಗಿಯುತ್ತದೆ. ಕಚೇರಿಗಳು ಗುಜರಿಗೆ ಹಾಕುವ ಹಳೆಯ ಮುದ್ರಕಗಳು ಪ್ರಯೋಗಶಾಲೆಗೆ ಬರಲಿ. ವಿದ್ಯಾರ್ಥಿಗಳು ಅವನ್ನು ಬಿಚ್ಚಿ ಜೋಡಿಸಲಿ. ಮುಂದಿನ ಯಂತ್ರವನ್ನು ತಾವೇ ರೂಪಿಸುವ ಧೈರ್ಯ ಅಲ್ಲಿಂದಲೇ ಹುಟ್ಟೀತು.